ದೋಷ ತೋರಿಸಿದವನೇ ದೋಷಿಯೆ?

ಬಮ್ಮಿಗಟ್ಟಿಯ ಮತಗಟ್ಟೆಯಲ್ಲಿ ಚುನಾವಣಾ ಕರ್ತವ್ಯಕ್ಕೆ ಕುಳಿತ ದಿನ ಇನ್ನೂ ನೆನಪಿದೆ. ಸಂಜೆ ಮತಯಂತ್ರಕ್ಕೆ ಅರಗಿನ ಮುದ್ರೆ ಒತ್ತುತ್ತಿದ್ದಾಗ ಊರ ಹಿರಿಯರೊಬ್ಬರು, “ಮಾಸ್ತರ, ಇದರೊಳಗ ಏನೈತಿ ಅಂತ ನಿಮಗರೆ ಗೊತ್ತೈತೇನ್ರಿ?” ಎಂದು ಕೇಳಿದರು. ನಾನು ನಿರುತ್ತರನಾದೆ. ನಾನು ಕಾದದ್ದು ಮುದ್ರೆಯನ್ನು. ಯಂತ್ರದ ಒಳಗನ್ನು ಬಲ್ಲವನಾಗಿರಲಿಲ್ಲ.

ಅದೇ ಪ್ರಶ್ನೆಯನ್ನು ದೇಶದೆದುರು ಇಟ್ಟವರು ಹೈದರಾಬಾದಿನ ಹರಿಪ್ರಸಾದ್. 2009ರಲ್ಲಿ ಚುನಾವಣಾ ಆಯೋಗವು ‘ದೋಷವಿದ್ದರೆ ತೋರಿಸಿ’ ಎಂದು ಆಹ್ವಾನಿಸಿತು. ಆದರೆ ಯಂತ್ರವನ್ನು ಬಿಚ್ಚಿ ಪೂರ್ಣವಾಗಿ ಪರೀಕ್ಷಿಸಲು ಬಿಡಲಿಲ್ಲವೆಂಬುದು ಅವರ ತಂಡದ ದೂರು. 2010ರಲ್ಲಿ ಅವರು, ಹೆಸರು ಹೇಳಲೊಪ್ಪದ ವ್ಯಕ್ತಿಯಿಂದ ಯಂತ್ರವೊಂದನ್ನು ಪಡೆದು, ಇಬ್ಬರು ವಿದೇಶಿ ತಜ್ಞರೊಡನೆ ಪರೀಕ್ಷಿಸಿದರು. ಫಲಿತಾಂಶ ತೋರಿಸುವ ಫಲಕವನ್ನೇ ಬದಲಿಸಿ ಸುಳ್ಳು ಅಂಕಿ ಮೂಡಿಸಬಹುದೆಂದು ಪ್ರಕಟಿಸಿದರು. ಯಂತ್ರ ಕೈಗೆ ಸಿಗದೆ ಇದಾಗದು, ನಮ್ಮ ಕಾವಲು ಭದ್ರವಾಗಿದೆ ಎಂದಿತು ಆಯೋಗ. ಆಗಸ್ಟ್ 21ರಂದು ಯಂತ್ರದ ಕಳವಿನ ಪ್ರಕರಣದಲ್ಲಿ ಹರಿಪ್ರಸಾದರ ಬಂಧನವಾಯಿತು. ವಾರದ ತರುವಾಯ ಜಾಮೀನು ದೊರೆಯಿತು.

ಅನುಮತಿಯಿಲ್ಲದೆ ಸರ್ಕಾರದ ಸ್ವತ್ತನ್ನು ಬಿಚ್ಚುವುದು ತಪ್ಪೇ. ಮುದ್ರೆ ಒತ್ತಿದ ಕೈ ನನ್ನದು; ಅದನ್ನು ಒಡೆಯುವವನನ್ನು ನಾನು ಹೇಗೆ ಹೊಗಳಲಿ? ‘ಉದ್ದೇಶ ಒಳ್ಳೆಯದು’ ಎಂಬ ಮಾತನ್ನು ನಾಳೆ ಕಳ್ಳನೂ ಆಡಿಯಾನು. ಆದರೆ ಕಳ್ಳ ತಾನು ಹೊಕ್ಕ ದಾರಿಯನ್ನು ಡಂಗುರ ಸಾರುವುದಿಲ್ಲ. ಕಂಡದ್ದನ್ನು ಸ್ವಂತ ಹೆಸರಿನಲ್ಲಿ ಹೇಳಿ, ಯಾರೊಬ್ಬರ ಮತವನ್ನೂ ಕೆಡಿಸದೆ, ಶಿಕ್ಷೆಗೂ ಸಿದ್ಧನಾಗಿ ನಿಂತವನನ್ನು ಕಳ್ಳನ ಸಾಲಿನಲ್ಲಿ ಕೂರಿಸುವುದು ನ್ಯಾಯವಲ್ಲ. ಬಾಗಿಲಲ್ಲಿ ನಿಂತು ಕೇಳಿದವನಿಗೆ ಅನುಮತಿ ನಿರಾಕರಿಸಿ, ಹಿತ್ತಲಿಂದ ಬಂದನೆಂದು ಬೈಯುವುದು ಯಾವ ನೀತಿ?

2013ರಲ್ಲಿ ಸರ್ವೋಚ್ಚ ನ್ಯಾಯಾಲಯವೇ, ಬೇರೊಂದು ಅರ್ಜಿಯ ಮೇಲೆ, ನ್ಯಾಯಸಮ್ಮತ ಚುನಾವಣೆಗೆ ಮತದ ಕಾಗದದ ಸಾಕ್ಷಿ ಅನಿವಾರ್ಯವೆಂದಿತು. ಸಂಶಯಪಟ್ಟವರೆಲ್ಲ ದೇಶದ್ರೋಹಿಗಳಲ್ಲವೆಂಬುದಕ್ಕೆ ಇಷ್ಟು ಸಾಲದೆ? 2024ರ ತೀರ್ಪು ಮತಯಂತ್ರವನ್ನು ಎತ್ತಿಹಿಡಿಯಿತು. ಎರಡನೆಯ, ಮೂರನೆಯ ಸ್ಥಾನದ ಅಭ್ಯರ್ಥಿಗಳು ಕೋರಿದರೆ ಶೇ. 5ರಷ್ಟು ಯಂತ್ರಗಳ ಪರಿಶೀಲನೆಗೂ ಅವಕಾಶವಿತ್ತಿತು. ಆದರೆ ಪರಿಶೀಲಿಸುವವರು ತಯಾರಿಸಿದ ಸಂಸ್ಥೆಯ ಎಂಜಿನಿಯರರೇ. ಬರೆದ ಹುಡುಗನ ಕೈಗೇ ಉತ್ತರಪತ್ರಿಕೆ ಕೊಟ್ಟು ‘ತಿದ್ದು’ ಎಂದಂತಾಯಿತು. ಮೂರು ದಶಕ ಪಾಠ ಹೇಳಿದ ನಾನು ಒಮ್ಮೆಯೂ ಹಾಗೆ ಮಾಡಲಿಲ್ಲ.

ಹೊರಗಿನ ತಜ್ಞರಿಗೆ ಹಾಡುಹಗಲಲ್ಲೇ ಯಂತ್ರ ಕೊಡಿ, ಬಿಚ್ಚಲಿ, ನೋಡಲಿ. ಆಮೇಲೂ ಕದ್ದು ಒಡೆಯುವವನಿದ್ದರೆ ಅವನಿಗೆ ಶಿಕ್ಷೆಯಾಗಲಿ. ನಾನೇ ಸಾಕ್ಷಿ ನುಡಿಯುತ್ತೇನೆ. ಅಲ್ಲಿಯವರೆಗೆ ಆ ಹಿರಿಯರ ಪ್ರಶ್ನೆಗೆ ಅರಗಿನ ಮುದ್ರೆ ಉತ್ತರವಾಗದು.