ಸಂಶೋಧನೆಗೂ ಸಸಿಮಡಿ ಬೇಕು

1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರ ದಂಡು ಚಳಿಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಎತ್ತಂಗಡಿಯಾಯಿತು. ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಅಂದಿನವರ ನಂಬಿಕೆ. 1883ರಲ್ಲಿ ಬೆಂಗಳೂರಿನ ತನ್ನ ಬಂಗಲೆಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡ ವೈದ್ಯ ರೊನಾಲ್ಡ್ ರಾಸ್ ನೀರು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾಯಿತು. ಆ ಪ್ರಯೋಗಕ್ಕೆ ಬಿಡಿಗಾಸೂ ಖರ್ಚಾಗಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಾಣುವನ್ನು ಗುರುತಿಸಿದವನೂ ಅವನೇ.

ಅದೇ ದ್ವೀಪದ ಗಂಜಾಂನ ಇಂದಿನ ಪ್ರಶ್ನೆ ಬೇರೆ. ತಲಕಾವೇರಿಯಿಂದ ಇಳಿದ ನೀರು ನಿಮಿಷಾಂಬ ದೇಗುಲದ ಸೋಪಾನವನ್ನು ಮುಟ್ಟುವ ಹೊತ್ತಿಗೆ ಮೇಲಿನ ಊರುಗಳ ಚರಂಡಿಯೂ ತೋಟಗಳ ಕೀಟನಾಶಕವೂ ಅದರಲ್ಲಿ ಎಷ್ಟು ಬೆರೆತಿರುತ್ತವೆ? ದಡದ ಮಕ್ಕಳ ವಾಂತಿಭೇದಿಗೂ ಅದಕ್ಕೂ ನಂಟುಂಟೇ? ಬೆಟ್ಟದವರಿಗೂ ಇದು ಪರರ ಮಾತಲ್ಲ. ಅಲ್ಲಿ ಸಿಂಪಡಿಸಿದ್ದು ಹರಿದು ಬರುವುದು ಇತ್ತಲೇ.

ತಿಂಗಳಿಗೊಮ್ಮೆ ನೀರನ್ನು ಪರೀಕ್ಷಿಸಿ, ಬೀದಿವಾರು ಕಾಯಿಲೆಯ ಲೆಕ್ಕದೊಡನೆ ಒಂದು ವರ್ಷ ತಾಳೆ ನೋಡುವಷ್ಟು ಹಣವಿದ್ದರೆ ಆರಂಭಕ್ಕೆ ಸಾಕು. ದೊಡ್ಡ ಅನುದಾನ ನೀಡುವವರು ಪ್ರಾಥಮಿಕ ಅಂಕಿಅಂಶ ಕೇಳುತ್ತಾರೆ. ಆ ಅಂಕಿಅಂಶ ಕಲೆಹಾಕಲು ಹಣ ಕೊಡುವವರು ವಿರಳ. ಕೇಂದ್ರದ ಬೈರಾಕ್ ಸಂಸ್ಥೆ 2012ರಲ್ಲಿ 50 ಲಕ್ಷ ರೂಪಾಯಿವರೆಗಿನ ಬೀಜಧನದ ಯೋಜನೆಯನ್ನು ಆರಂಭಿಸಿತು. ಸ್ತುತ್ಯವೇ, ಆದರೆ ಅದರ ಕಣ್ಣು ಮಾರುಕಟ್ಟೆಗೆ ಹೋಗಬಲ್ಲ ಉತ್ಪನ್ನದ ಮೇಲೆ. ಚರಂಡಿಯ ಸತ್ಯವನ್ನು ಕೊಳ್ಳುವವರಾರು?

ಒಟ್ಲು ಹಾಕದೆ ಮಂಡ್ಯದ ರೈತ ನಾಟಿಗೆ ಇಳಿಯುವುದಿಲ್ಲ (ಮಲೆನಾಡಿನವರು ಅದನ್ನೇ ಸಸಿಮಡಿ ಎನ್ನುತ್ತಾರೆ). ರಾಜ್ಯ ಸರಕಾರವು ಪಟ್ಟಣಗಳ ಆರೋಗ್ಯ ವೆಚ್ಚದಲ್ಲಿ ಕಿರುಪಾಲೊಂದನ್ನು ಇಂಥ ಮೊದಲ ಶೋಧಕ್ಕೆಂದೇ ತೆಗೆದಿಡಬೇಕು. ಸಮೀಪದ ಕಾಲೇಜುಗಳ ವಿದ್ಯಾರ್ಥಿಗಳು ಬಾಟಲಿ ಹಿಡಿದು ನದಿಗಿಳಿಯಲಿ. ಫಲಿತಾಂಶವನ್ನು ಗಂಜಾಂನ ಬೀದಿಯಲ್ಲೂ ಕೊಡಗಿನ ಗ್ರಾಮಸಭೆಗಳಲ್ಲೂ ಓದಿ ಹೇಳಲಿ.