ನಡೆದು ನೋಡುವ ಪೇಟೆ, ನಿಂತು ಕೊಳ್ಳುವ ಗಿರಾಕಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರ ಮನೆಗಳಿಗೆ ಅಮೆರಿಕ ಎಂಬುದು ಈಗ ದೂರದ ಮಾತಾಗಿ ಉಳಿದಿಲ್ಲ. ಮಗನೋ ಮಗಳೋ ಅಲ್ಲಿ ನೆಲೆಸಿರುತ್ತಾರೆ; ಬಾಣಂತನದ ನೆಪದಲ್ಲಿಯೋ ಮೊಮ್ಮಕ್ಕಳನ್ನು ನೋಡುವ ಆಸೆಯಿಂದಲೋ ನಾವು ಕೆಲವು ತಿಂಗಳು ಹೋಗಿಬರುತ್ತೇವೆ. ಹಿಂತಿರುಗಿದವರನ್ನು ಏನು ನೋಡಿದಿರಿ ಎಂದು ವಿಚಾರಿಸಿದರೆ ನಯಾಗರ ಜಲಪಾತ, ಲಿಬರ್ಟಿ ಪ್ರತಿಮೆ, ಲಾಸ್ ವೇಗಸ್ಸಿನ ದೀಪಾಲಂಕಾರ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಲ್ಲಿಯ ಅಂಗಡಿ ಬೀದಿ ಹೇಗಿತ್ತು ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಮೂರು ತಲೆಮಾರಿನಿಂದ ತಕ್ಕಡಿ ಹಿಡಿದು ಬದುಕಿದ ನಾವು ಅಷ್ಟು ದೂರ ಹೋಗಿ ಪೇಟೆಯನ್ನೇ ನೋಡದೆ ಬರುತ್ತಿದ್ದೇವೆ ಎಂಬುದು ವಿಷಾದದ ಸಂಗತಿ.

ಇದರಲ್ಲಿ ನಮ್ಮ ತಪ್ಪು ಅರ್ಧ ಮಾತ್ರ. ನನ್ನ ಮಗಳು ಬಾಸ್ಟನ್ ನಗರದ ಹೊರವಲಯದ ಬಡಾವಣೆಯೊಂದರಲ್ಲಿದ್ದಾಗ ನಾನೂ ನನ್ನ ಶ್ರೀಮತಿಯೂ ಅಲ್ಲಿ ಕೆಲವು ವಾರ ಕಳೆದೆವು. ಒಂದು ಪೊಟ್ಟಣ ಉಪ್ಪು ತರಬೇಕೆಂದರೂ ಅಲ್ಲಿ ಕಾರು ಬೇಕು. ಮಗಳು, ಅಳಿಯಂದಿರು ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಮಗೆ ಗೃಹಬಂಧನ. ಹೊರಗೆ ಕಾಲಿಟ್ಟರೆ ಹುಲ್ಲುಹಾಸು, ಡಾಂಬರು, ಮನುಷ್ಯರ ಸುಳಿವಿಲ್ಲ. ಹದಿನೈದನೆಯ ದಿನ ನನ್ನ ಶ್ರೀಮತಿ, "ಇಲ್ಲಿಗಿಂತ ನಮ್ಮ ಸಂತೆಮಾಳವೇ ವಾಸಿ ಕಣ್ರೀ" ಎಂದಳು. ಮಗಳಿಗೆ ಅದು ಕೇಳಿಸಿತೋ ಏನೋ, ಆ ವಾರಾಂತ್ಯದಲ್ಲಿ ಸುಮಾರು 350 ಕಿಲೋಮೀಟರ್ ದೂರದ ಬರ್ಲಿಂಗ್ಟನ್ ಎಂಬ ಊರಿಗೆ ನಮ್ಮನ್ನು ಕರೆದೊಯ್ದಳು. ಅಮೆರಿಕಕ್ಕೆ ಹೋಗಲಿರುವ ಸದಸ್ಯ ಬಾಂಧವರಿಗೆ ಈ ಸಲಹೆ ನೀಡಲು ಆ ಪ್ರಯಾಣವೇ ಕಾರಣ.

ನಮ್ಮ ಅಳತೆಯ ಊರುಗಳು

ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿಯೂ ಕಾಲ್ನಡಿಗೆಯಲ್ಲಿ ಸುತ್ತಬಹುದು. ಆದರೆ ಅಷ್ಟು ದೊಡ್ಡ ನಗರಗಳಿಂದ ತಾಲ್ಲೂಕು ಕೇಂದ್ರದ ವರ್ತಕನು ಕಲಿಯುವುದು ಕಡಿಮೆ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಜನಸಂಖ್ಯೆ 45 ಸಾವಿರದ ಆಸುಪಾಸು. ಎಂದರೆ ಹೆಚ್ಚುಕಡಿಮೆ ನಮ್ಮ ಹುಣಸೂರು ಪಟ್ಟಣದಷ್ಟು. ಅಲ್ಲಿಯ ಚರ್ಚ್ ಸ್ಟ್ರೀಟನ್ನು 1981ರಲ್ಲಿ ವಾಹನಮುಕ್ತ ಮಾರುಕಟ್ಟೆ ಬೀದಿಯಾಗಿ ಪರಿವರ್ತಿಸಲಾಯಿತು. ನಾಲ್ಕು ಬ್ಲಾಕುಗಳ ಉದ್ದಕ್ಕೆ ಇಟ್ಟಿಗೆ ಹಾಸು, ಇಕ್ಕೆಲದಲ್ಲಿ ಹಳೆಯ ಕಟ್ಟಡಗಳು, ನಡುವೆ ಬೆಂಚುಗಳು, ಮರಗಳು, ಪರವಾನಗಿ ಪಡೆದ ತಳ್ಳುಗಾಡಿಗಳು. ಮೊಳಕಾಲುದ್ದ ಹಿಮ ಬೀಳುವ ಊರು ಅದು. ಆದರೂ ಬೀದಿ ಉಳಿದಿದೆ.

ವ್ಯಾಪಾರಿಯ ಕಣ್ಣಿಗೆ ಅಲ್ಲಿ ಮುಖ್ಯವಾಗಿ ಕಂಡದ್ದು ಎರಡು ಸಂಗತಿಗಳು. ಮೊದಲನೆಯದು, ಗಿರಾಕಿಯ ನಡಿಗೆ. ಒಂದು ಅಂಗಡಿಗೆಂದು ಬಂದವನು ಇನ್ನೂ ನಾಲ್ಕು ಅಂಗಡಿಗಳ ಮುಂದೆ ಹಾಯುತ್ತಾನೆ, ಎರಡು ಕಡೆ ನಿಲ್ಲುತ್ತಾನೆ, ಒಂದು ಕಡೆ ಒಳಗೆ ಬರುತ್ತಾನೆ. ಕಾರಿನಲ್ಲಿ ಹಾಯುವವನಿಗೆ ನಮ್ಮ ನಾಮಫಲಕವನ್ನು ಓದುವಷ್ಟು ಸಮಯವೂ ಇಲ್ಲ. ಎರಡನೆಯದು, ಬೀದಿಯ ನಿರ್ವಹಣೆ. ಆ ಬೀದಿಯ ಆಸ್ತಿಗಳಿಂದ ಪ್ರತ್ಯೇಕ ಶುಲ್ಕ ಸಂಗ್ರಹಿಸಿ ಅದರಿಂದಲೇ ಸ್ವಚ್ಛತೆ, ದೀಪ, ಹಿಮ ತೆಗೆಯುವ ಕೆಲಸ, ಉತ್ಸವಗಳ ವೆಚ್ಚವನ್ನು ನೋಡಿಕೊಳ್ಳುತ್ತಾರೆ. ಬೀದಿಯೂ ತಮ್ಮ ಬಂಡವಾಳದ ಒಂದು ಭಾಗವೆಂದು ಅಲ್ಲಿಯ ವರ್ತಕರು ಒಪ್ಪಿಕೊಂಡಿದ್ದಾರೆ.

ಇಂಥ ಊರುಗಳು ಇನ್ನೂ ಇವೆ. ವಾಷಿಂಗ್ಟನ್ ಕಡೆ ಮಕ್ಕಳಿರುವವರು ಷಾರ್ಲಟ್ಸ್‌ವಿಲ್‌ಗೆ ಹೋಗಬಹುದು. ಅಲ್ಲಿಯ ಡೌನ್‌ಟೌನ್ ಮಾಲ್ 1976ರಿಂದ ಪಾದಚಾರಿಗಳದ್ದು. ಹೆಸರಿನಲ್ಲಿ ಮಾಲ್ ಎಂದಿದ್ದರೂ ಅದು ತೆರೆದ ಬೀದಿ. ಡೆನ್ವರ್ ಕಡೆ ಇರುವವರಿಗೆ ಬೌಲ್ಡರ್ ಹತ್ತಿರ. ಅಲ್ಲಿಯ ಪರ್ಲ್ ಸ್ಟ್ರೀಟ್ 1977ರಲ್ಲಿ ರೂಪುಗೊಂಡಿತು. ಷಿಕಾಗೊದಿಂದ ಮ್ಯಾಡಿಸನ್‌ಗೆ ಹೋದರೆ ರಾಜ್ಯದ ಶಾಸನಸಭಾ ಭವನಕ್ಕೂ ವಿಶ್ವವಿದ್ಯಾಲಯಕ್ಕೂ ನಡುವೆ ಸ್ಟೇಟ್ ಸ್ಟ್ರೀಟ್ ಇದೆ. ಅದರ ಬಹುಪಾಲು ಭಾಗದಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಮಕ್ಕಳು ಪ್ರವಾಸದ ಪಟ್ಟಿ ತಯಾರಿಸುವಾಗ ಇವುಗಳಲ್ಲಿ ಒಂದನ್ನಾದರೂ ಸೇರಿಸಲು ಹೇಳಿರಿ. ಹಿರಿಯರಿಗೆ ಕಾಲಾಡಿಸಲು ಜಾಗ ದೊರೆಯುತ್ತದೆ. ವರ್ತಕರಿಗೆ ಪಾಠವೂ ದೊರೆಯುತ್ತದೆ.

ಸೋಲಿನ ಲೆಕ್ಕವನ್ನೂ ಹೇಳಬೇಕು

ಲಾಭದ ಪುಟವನ್ನು ಮಾತ್ರ ತೋರಿಸುವುದು ವರ್ತಕ ಧರ್ಮವಲ್ಲ. ಅಮೆರಿಕದಲ್ಲಿ ಈ ಬಗೆಯ ಬೀದಿಗಳಲ್ಲಿ ಅನೇಕವು ಸೋತಿವೆ. 1959ರಲ್ಲಿ ಮೊದಲು ಹೆಜ್ಜೆ ಇಟ್ಟ ಕಲಮಜೂ ಪಟ್ಟಣದ ಬೀದಿಯ ಒಂದು ಭಾಗಕ್ಕೆ 1998ರಲ್ಲಿ ಕಾರುಗಳು ಮರಳಿದವು. ಷಿಕಾಗೊದ ಸ್ಟೇಟ್ ಸ್ಟ್ರೀಟ್ 1979ರಲ್ಲಿ ಕಾರುಗಳನ್ನು ಬಿಟ್ಟು 1996ರಲ್ಲಿ ಮತ್ತೆ ಕರೆಸಿಕೊಂಡಿತು. 1964ರಲ್ಲಿ ಆರಂಭವಾದ ಫ್ರೆಸ್ನೊ ನಗರದ ಫುಲ್ಟನ್ ಮಾಲ್ 2017ರಲ್ಲಿ ಮತ್ತೆ ವಾಹನಗಳ ರಸ್ತೆಯಾಯಿತು. ಜನವಸತಿ ಹೊರವಲಯಕ್ಕೆ ಸರಿದು ಹೋದ ಕಡೆ ಬೀದಿಗೆ ಕಲ್ಲು ಹಾಸಿದ ಮಾತ್ರಕ್ಕೆ ಗಿರಾಕಿ ಬರಲಿಲ್ಲ. ಗೆದ್ದ ಊರುಗಳಲ್ಲಿ ಬೀದಿಗೆ ಸಮೀಪದಲ್ಲಿಯೇ ವಿದ್ಯಾರ್ಥಿಗಳು, ಕಚೇರಿಗಳು, ಮನೆಗಳು ಇದ್ದವು.

ಈ ಲೆಕ್ಕದಲ್ಲಿ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ. ನಮ್ಮ ಪೇಟೆಗಳಲ್ಲಿ ಅಂಗಡಿಯ ಮೇಲೆಯೇ ಮನೆಗಳಿವೆ. ಶಾಲೆ, ದೇವಸ್ಥಾನ, ಬಸ್ ನಿಲ್ದಾಣ ಎಲ್ಲವೂ ಹತ್ತಿರದಲ್ಲಿವೆ. ಅವರು ಕೋಟಿಗಟ್ಟಲೆ ಸುರಿದು ಹುಡುಕುತ್ತಿರುವ ಜನಸಂದಣಿ ನಮಗೆ ಪುಕ್ಕಟೆಯಾಗಿ ದೊರೆತಿದೆ. ಆ ಜನರಿಗೆ ಕಾಲಿಡಲು ಜಾಗವನ್ನು ಮಾತ್ರ ನಾವು ಉಳಿಸಿಲ್ಲ.

ಹೆದ್ದಾರಿ ಸರಿದ ಮೇಲೆ

ಇದು ಬರಿಯ ಸೌಂದರ್ಯದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೊಂಡ ನಂತರ ಚನ್ನಪಟ್ಟಣದ ಗೊಂಬೆ ಅಂಗಡಿಗಳಿಗೂ ಮದ್ದೂರಿನ ಹೋಟೆಲುಗಳಿಗೂ ಆದ ವ್ಯಾಪಾರ ನಷ್ಟವನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇ ದಿನ ಮೈಸೂರು-ಕುಶಾಲನಗರ ಚತುಷ್ಪಥ ಹೆದ್ದಾರಿಗೂ ಶಂಕುಸ್ಥಾಪನೆ ನೆರವೇರಿತು. ಅದು ಪೂರ್ಣಗೊಂಡ ದಿನ ಮಡಿಕೇರಿಗೆ ಹೋಗುವ ಕಾರುಗಳು ಹುಣಸೂರಿನ, ಪಿರಿಯಾಪಟ್ಟಣದ ಪೇಟೆಗಳನ್ನು ಹಾಯುವ ಅಗತ್ಯವಿರುವುದಿಲ್ಲ. ಹಾದಿಹೋಕ ಗಿರಾಕಿಯನ್ನು ನಂಬಿದವರು ಆಗ ಕೈಚೆಲ್ಲಿ ಕೂರಬೇಕಾಗುತ್ತದೆ. ಉಳಿಯುವವನು ಹಳ್ಳಿಯಿಂದ ಬಸ್ಸಿನಲ್ಲಿ ಬಂದು ನಡೆದು ಕೊಳ್ಳುವ ಗಿರಾಕಿ. ಸರಿದು ಹೋದ ಲಾರಿ, ಬಸ್ಸುಗಳಿಂದ ತೆರವಾಗುವ ಜಾಗವನ್ನು ಅವನಿಗೆ ಕೊಡುತ್ತೇವೆಯೋ, ಇನ್ನಷ್ಟು ಬೈಕುಗಳಿಗೆ ಬಿಡುತ್ತೇವೆಯೋ ಎಂಬುದನ್ನು ಈಗಲೇ ನಿರ್ಧರಿಸಬೇಕು.

ನಾಲ್ಕು ಊರುಗಳ ಸ್ಥಿತಿ ಒಂದೇ ಅಲ್ಲ. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಗೆ ಬದಲಾಗಿ ನಾಲ್ವಡಿಯವರ ಕಾಲದಲ್ಲಿ ಯೋಜಿಸಿ ಕಟ್ಟಿದ ಕೃಷ್ಣರಾಜನಗರದಲ್ಲಿ ಅಗಲವಾದ ನೇರ ಬೀದಿಗಳಿವೆ. ಅಲ್ಲಿ ಕೆಲಸ ಅತ್ಯಂತ ಸುಲಭ. ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜಿನ ಹಣ ರೈತನ ಕೈಸೇರುವ ತಿಂಗಳುಗಳಲ್ಲಿ ಸಂಸಾರಸಮೇತ ಪೇಟೆಗೆ ಬರುವವರಿಗೆ ಕೂರಲು ಒಂದು ನೆರಳು ಬೇಕು. ಕಬಿನಿಯ ಕಡೆ ಹೋಗುವ ಪ್ರವಾಸಿಗರು ಹೆಗ್ಗಡದೇವನಕೋಟೆಯಲ್ಲಿ ಕಾಫಿ ಕುಡಿಯಲೂ ಇಳಿಯುವುದಿಲ್ಲ. ಇಳಿದು ನಡೆಯಲು ಯೋಗ್ಯವಾದ ಒಂದು ಬೀದಿಯಿದ್ದರೆ ಇಳಿದಾರು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನನ್ನದು ಹಾರ್ಡ್‌ವೇರ್ ಮಳಿಗೆ. ಇಪ್ಪತ್ತು ವರ್ಷ ನಾನು ಪೈಪು, ನೀರಿನ ಡ್ರಮ್ಮು, ತಗಡಿನ ಹಾಳೆಗಳನ್ನು ಫುಟ್‌ಪಾತಿನ ಮೇಲೆಯೇ ಜೋಡಿಸುತ್ತಿದ್ದೆ. ಒಂದು ಸಂಜೆ ನನ್ನ ಹಳೆಯ ಗಿರಾಕಿಯೊಬ್ಬರ ವೃದ್ಧ ತಾಯಿ ಆ ಸರಕನ್ನು ಬಳಸಿ ರಸ್ತೆಗೆ ಇಳಿದಾಗ ಬೈಕೊಂದು ತಗುಲಿ ಅವರ ಮಣಿಕಟ್ಟು ಮುರಿಯಿತು. ಬೈಕಿನ ಹುಡುಗನನ್ನು ಎಲ್ಲರೂ ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ಬರ್ಲಿಂಗ್ಟನ್ ಬೀದಿಯ ಬೆಂಚಿನಲ್ಲಿ ಕುಳಿತಾಗ ನನಗೆ ನೆನಪಾದದ್ದು ಆ ತಾಯಿಯ ಮುಖ. ಊರಿಗೆ ಬಂದವನು ಸರಕನ್ನೆಲ್ಲ ಒಳಗೆ ಸರಿಸಿದೆ. ವ್ಯಾಪಾರ ಹೆಚ್ಚಿತು ಎಂದು ಹೇಳಲಾರೆ, ಆದರೆ ಕುಸಿಯಲಿಲ್ಲ. ಹೆಣ್ಣುಮಕ್ಕಳು ಮೆಟ್ಟಿಲೇರಿ ಒಳಗೆ ಬಂದು ಬೆಲೆ ವಿಚಾರಿಸುವುದು ಮಾತ್ರ ಹೆಚ್ಚಿದೆ.

ಈ ಹಿನ್ನೆಲೆಯಲ್ಲಿ ಸಂಸ್ಥೆಯ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಪ್ರತಿ ಊರಿನಲ್ಲಿಯೂ ಒಂದೇ ಒಂದು ಪೇಟೆ ಬೀದಿಯನ್ನು ಆರಿಸಿಕೊಳ್ಳೋಣ. ಆ ಬೀದಿಯ ವರ್ತಕರು ತಮ್ಮ ತಮ್ಮ ಸರಕನ್ನು ತಾವೇ ಒಳಗೆ ಸರಿಸಲಿ. ಪುರಸಭೆಯ ನೋಟೀಸಿಗೆ ಕಾಯುವುದು ಬೇಡ. ಲಾರಿ, ಗೂಡ್ಸ್ ಆಟೋಗಳು ಬೆಳಿಗ್ಗೆ 10 ಗಂಟೆಯೊಳಗೆ ಸರಕು ಇಳಿಸಲಿ. ವಾರಕ್ಕೊಂದು ಸಂಜೆ, ಮೂರು ತಿಂಗಳ ಮಟ್ಟಿಗೆ, ವಾಹನಗಳನ್ನು ತಡೆದು ಪ್ರಯೋಗ ಮಾಡೋಣ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ವಾರಾಂತ್ಯಗಳಲ್ಲಿ ಇಂಥದೇ ಪ್ರಯೋಗ ನಡೆದಿತ್ತು. ಬೈಕು ನಿಲ್ಲಿಸಲು ಕೂಗಳತೆಯಲ್ಲಿ ಜಾಗ ಗೊತ್ತುಮಾಡದೆ ಮಾತ್ರ ಆರಂಭಿಸುವುದು ಬೇಡ. ತಳ್ಳುಗಾಡಿಯವರನ್ನು ಓಡಿಸುವುದೂ ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ನೀಡಿದೆ, ಮೇಲಾಗಿ ಅವರಿದ್ದಲ್ಲಿಯೇ ಜನ ನಿಲ್ಲುವುದು. ಬೀದಿಯ ಗುಡಿಸುವಿಕೆಗೂ ದೀಪಕ್ಕೂ ಪ್ರತಿ ಮಳಿಗೆಯಿಂದ ತಿಂಗಳಿಗೆ ಒಂದು ಸಣ್ಣ ಮೊತ್ತವನ್ನು ಕೂಡಿಸಿ, ಅದರ ಲೆಕ್ಕವನ್ನು ಈ ಪತ್ರಿಕೆಯಲ್ಲಿಯೇ ಪ್ರಕಟಿಸೋಣ.

ವಾಹನ ತಡೆದರೆ ಗಿರಾಕಿ ಪಕ್ಕದ ಊರಿಗೆ ಹೋಗುತ್ತಾನೆ ಎಂಬ ಅಂಜಿಕೆ ಸಹಜ. ಆ ಅಂಜಿಕೆ ನಿಜವೋ ಸುಳ್ಳೋ ಎಂಬುದನ್ನು ಮೂರು ತಿಂಗಳ ಗಲ್ಲಾಪೆಟ್ಟಿಗೆ ಹೇಳುತ್ತದೆ, ನಿಜವಾದರೆ ಕೈಬಿಡೋಣ. ಈ ವರ್ಷ ಅಮೆರಿಕಕ್ಕೆ ಹೊರಟಿರುವ ಬಾಂಧವರು ಅಲ್ಲಿಯ ಬೀದಿಯೊಂದರಲ್ಲಿ ಒಂದು ಪೂರ್ತಿ ಸಂಜೆ ನಡೆದಾಡಿ, ಕಂಡದ್ದನ್ನು ನಮ್ಮ ಮಾಸಿಕ ಸಭೆಯಲ್ಲಿ ಹೇಳಲಿ ಎಂಬುದು ನನ್ನ ವಿನಂತಿ. ತಮ್ಮ ಅಂಗಡಿಯ ಮುಂದಿನ ಹತ್ತು ಅಡಿ ಜಾಗವನ್ನು ನೋಡಲು ಮಾತ್ರ ಯಾರಿಗೂ ವೀಸಾ ಬೇಕಾಗಿಲ್ಲ. ಅದನ್ನು ನಾಳೆ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ನೋಡಬಹುದು.