ಕಲಗಚ್ಚಿನ ಬಾನಿಯೂ ಕಾರ್ಖಾನೆಯ ಮೋರಿಯೂ

2019ರ ಜೂನ್ ತಿಂಗಳಲ್ಲಿ ಚೆನ್ನೈಗೆ ನೀರುಣಿಸುವ ನಾಲ್ಕೂ ಜಲಾಶಯಗಳು ಬತ್ತಿದಾಗ, ಅಡ್ಯಾರಿನ ನಮ್ಮ ವಸತಿ ಸಮುಚ್ಚಯದಲ್ಲಿ ಲಾರಿ ನೀರಿಗಾಗಿ ಕಾಯುವುದು ನಿತ್ಯಕರ್ಮವಾಗಿತ್ತು. ಆ ದಿನಗಳಲ್ಲಿ ನನ್ನ ಶ್ರೀಮತಿ ಸೊಪ್ಪು ತರಕಾರಿ ತೊಳೆಯಲು ಮೂರು ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದಳು. ತರಕಾರಿ ಮೊದಲನೆಯದರಿಂದ ಮೂರನೆಯದಕ್ಕೆ ಹೋಗುತ್ತಿತ್ತು. ನೀರು ಮೂರನೆಯದರಿಂದ ಮೊದಲನೆಯದಕ್ಕೆ ಬಂದು, ಕೊನೆಗೆ ಕರಿಬೇವಿನ ಗಿಡದ ಬುಡ ಸೇರುತ್ತಿತ್ತು. ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರನೆಂಬ ಹಮ್ಮಿನಲ್ಲಿ ನಾನು ಇದನ್ನು ‘ಪ್ರತಿಪ್ರವಾಹ ಪದ್ಧತಿ’ ಎಂದು ಕರೆದೆ. “ಇದಕ್ಕೂ ಒಂದು ಹೆಸರು ಬೇಕೇನ್ರಿ? ಅತ್ತೆಯವರು ಮಾಡುತ್ತಿದ್ದುದು ಇದೇ ಅಲ್ಲವೆ?” ಎಂದಳು. ನಿಜ. ನಮ್ಮ ಊರಿನ ಮನೆಯ ಹಿತ್ತಿಲಲ್ಲಿ ಕಲಗಚ್ಚಿನ ಬಾನಿಯಿತ್ತು. ಅಕ್ಕಿ ತೊಳೆದ ನೀರು, ಬಾಳೆಕಾಯಿ ಸಿಪ್ಪೆ, ಕುಂಬಳದ ತಿರುಳು ಎಲ್ಲವೂ ಅದರೊಳಗೆ ಬಿದ್ದು ಸಂಜೆಗೆ ಹಸುವಿನ ಹೊಟ್ಟೆ ಸೇರುತ್ತಿದ್ದವು. ಬಚ್ಚಲಿಗೆ ಹೋಗುತ್ತಿದ್ದುದು ಅತ್ಯಲ್ಪ.

ಆ ವರ್ಷ ಜುಲೈ 12ರಂದು ಜೋಲಾರಪೇಟೆಯಿಂದ ಐವತ್ತು ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ರೈಲಿನಲ್ಲಿ ಚೆನ್ನೈಗೆ ಬಂತು. ಅದು ಕಾವೇರಿಯ ನೀರು. ಕಾವೇರಿಯ ಹೆಸರು ಕಿವಿಗೆ ಬಿದ್ದೊಡನೆ ತಲೆತಗ್ಗಿಸಬೇಕೋ ತಲೆಯೆತ್ತಬೇಕೋ ತಿಳಿಯದ ಹೊರನಾಡ ಕನ್ನಡಿಗರಿಗೆ ಆ ರೈಲು ವಿಚಿತ್ರ ದೃಶ್ಯವಾಗಿತ್ತು. ನನ್ನ ಮನಸ್ಸು ಮಾತ್ರ ಬೇರೊಂದು ಕಡೆಗೆ ಹರಿಯಿತು. ಜೋಲಾರಪೇಟೆಗೆ ನೆರೆಯ ಕೃಷ್ಣಗಿರಿ ಸೀಮೆಯಲ್ಲಿ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳು ಹಗಲಿರುಳು ದುಡಿಯುವ ಕಾಲವೂ ಅದೇ. ಹೊಸೂರು, ಡೆಂಕಣಿಕೋಟೆಗಳ ಕನ್ನಡಿಗರಿಗೆ ಇವು ಅಪರಿಚಿತವಲ್ಲ. ಅಲ್ಲಿ ಅರೆಯುವ ತೋತಾಪುರಿ ಹಣ್ಣಿಗೆ ತಮಿಳುನಾಡಿನಲ್ಲಿ ‘ಬೆಂಗಳೂರಾ’ ಎಂಬ ಹೆಸರಿರುವುದನ್ನು ವಾಚಕರು ಬಲ್ಲರು.

ಅದಕ್ಕೂ ಕೆಲವು ವರ್ಷಗಳ ಹಿಂದೆ ಸರ್ಕಾರಿ ಕೆಲಸದ ಮೇಲೆ ಅಂಥದೊಂದು ಕಾರ್ಖಾನೆಯನ್ನು ನೋಡಿದ್ದೆ. ಹಣ್ಣು ತೊಳೆಯುವುದಕ್ಕೆ, ಯಂತ್ರ ತೊಳೆಯುವುದಕ್ಕೆ, ಕಾಯಿಸಿ ಮುಚ್ಚಿದ ಡಬ್ಬಿಗಳನ್ನು ತಣಿಸುವುದಕ್ಕೆ ನೀರು ಬೇಕು, ಇದರಲ್ಲಿ ಆಕ್ಷೇಪಿಸುವಂಥದೇನಿಲ್ಲ. ಆದರೆ ನೆಲದ ಮೇಲೆ ಬಿದ್ದ ಸಿಪ್ಪೆಯನ್ನೂ ತಿರುಳನ್ನೂ ಒಬ್ಬ ಹುಡುಗ ಕೊಳವೆ ಹಿಡಿದು ನೀರಿನ ರಭಸದಿಂದಲೇ ಮೋರಿಯವರೆಗೆ ತಳ್ಳುತ್ತಿದ್ದ. ಪೊರಕೆಯ ಕೆಲಸವನ್ನು ನೀರಿಗೆ ವಹಿಸಿದ್ದರು. ಇಡೀ ಸಮಸ್ಯೆಯ ಬೇರು ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ತೋತಾಪುರಿಯ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಪ್ಪೆ ಮತ್ತು ಗೊರಟು. ಒಣಗಿದ್ದಾಗ ಅದು ಸರಕು: ಸಿಪ್ಪೆ ದನಕ್ಕೆ ಮೇವಾಗುತ್ತದೆ, ಗೊರಟಿನೊಳಗಿನ ಬೀಜದಿಂದ ಕೋಕೋ ಬೆಣ್ಣೆಯನ್ನು ಹೋಲುವ ಕೊಬ್ಬು ಬರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಸಿಪ್ಪೆಯ ಪುಡಿಯನ್ನು ಬಿಸ್ಕತ್ತಿಗೂ ಬೆರೆಸಿ ನೋಡಿದ್ದಾರೆ. ಅದೇ ಸಿಪ್ಪೆ ನೀರಿಗೆ ಬಿದ್ದು ಸಕ್ಕರೆ ಕರಗಿತೆಂದರೆ, ಬುಟ್ಟಿಯಲ್ಲಿ ಹೊರಬಹುದಾಗಿದ್ದುದು ಹೊಳೆಯಾಗಿ ಹರಿಯುತ್ತದೆ. ಕೆರೆ ಸೇರಿ, ಕೊಳೆಯುತ್ತ, ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ.

ಅದೇ ಪ್ರಾಂತ್ಯದ ವಾಣಿಯಂಬಾಡಿ, ಆಂಬೂರುಗಳ ಚರ್ಮ ಹದಮಾಡುವ ಉದ್ಯಮವನ್ನು ಇದರೊಡನೆ ಹೋಲಿಸಿ ನೋಡಬೇಕು. ಪಾಲಾರ್ ನದಿಯ ಬಯಲನ್ನು ಕೆಡಿಸಿದ ಆ ಉದ್ಯಮದ ಮೇಲೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕಠಿಣ ತೀರ್ಪಿತ್ತಿತು. ಕ್ರೋಮಿಯಂ, ಉಪ್ಪು ಬೆರೆತ ಆ ನೀರನ್ನು ಶುದ್ಧಗೊಳಿಸುವುದು ಎಷ್ಟು ದುಸ್ತರವೆಂಬುದನ್ನು ನಮ್ಮ ಅಡ್ಯಾರಿನಲ್ಲೇ ಇರುವ ಕೇಂದ್ರ ಚರ್ಮ ಸಂಶೋಧನಾಲಯದವರನ್ನು ಕೇಳಿ ತಿಳಿಯಬಹುದು. ಹಣ್ಣಿನ ಕಾರ್ಖಾನೆಯ ನೀರಿನಲ್ಲಿರುವುದು ಬಹುಮಟ್ಟಿಗೆ ನಮ್ಮ ಆಹಾರವೇ. ಅಷ್ಟು ಸುಲಭವಾದುದನ್ನೂ ನಾವು ಮಾಡುತ್ತಿಲ್ಲ.

ಏಕೆಂದು ಅಲ್ಲಿನ ವ್ಯವಸ್ಥಾಪಕರನ್ನು ಕೇಳಿದ್ದೆ. “ಸೀಸನ್ ಎರಡು ತಿಂಗಳು ಸಾರ್, ಬೋರ್‌ವೆಲ್ ನಮ್ಮದೇ” ಎಂದರು. ಎರಡೂ ಮಾತು ಸತ್ಯ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳನ್ನು ಹತ್ತು ತಿಂಗಳು ಉಪವಾಸ ಕೆಡವಿ, ಮಾವು ಬಂದ ದಿನವೇ ಔತಣಕ್ಕೆ ಕರೆದರೆ ಅವು ಏಳುವುದಿಲ್ಲ. ಅವು ಚೇತರಿಸಿಕೊಳ್ಳುವ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ. ಬೋರ್‌ವೆಲ್ಲಿನ ನೀರಿಗೆ ವಿದ್ಯುತ್ತಿನ ವೆಚ್ಚ ಬಿಟ್ಟರೆ ಬೆಲೆಯಿಲ್ಲ. 1977ರ ಕಾಯಿದೆಯಂತೆ ಹಲವು ಉದ್ಯಮಗಳ ಮೇಲೆ ನೀರಿನ ಕರವೊಂದಿತ್ತು. ಮೊತ್ತ ಅಲ್ಪವಾದರೂ ಎಷ್ಟು ನೀರು ಬಳಸಿದಿರಿ ಎಂದು ಕೇಳುವ ಒಂದು ಕಾಗದವಾದರೂ ಬರುತ್ತಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಕರ ರದ್ದಾಯಿತು. ಈಗ ಉಳಿದಿರುವುದು ಮೋರಿಯ ಬಾಯಲ್ಲಿ ನಿಂತು ಅಳೆಯುವ ಕ್ರಮ. ಲೀಟರಿಗೆ ಇಷ್ಟೇ ಮಿಲಿಗ್ರಾಂ ಎಂಬ ಮಿತಿಗೆ ಇನ್ನಷ್ಟು ತಿಳಿನೀರು ಬೆರೆಸಿ ಉತ್ತರ ಹೇಳುವ ಪ್ರಲೋಭನೆ ಯಾರಿಗಾದರೂ ಹುಟ್ಟಬಹುದು. ಇದು ನನ್ನ ಸ್ವಂತ ಅಭಿಪ್ರಾಯ, ನನ್ನ ಇಲಾಖೆಯದಲ್ಲ.

ಈಗ ಈ ಮಾತನ್ನು ಎತ್ತಲು ಕಾರಣವಿದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿದಾಗ ಕೋಲಾರದ ಬೆಳೆಗಾರರು ಕಂಗಾಲಾದರು. ತಿರುಳಿನ ಕಾರ್ಖಾನೆಗಳು ನಮ್ಮ ನೆಲದಲ್ಲೇ ಏಳಬೇಕೆನ್ನುವುದು ನ್ಯಾಯವೇ. ಆದರೆ ಎಲ್ಲಿಯ ನೀರಿನಿಂದ? ಬೆಂಗಳೂರು ಬಳಸಿ, ಸಂಸ್ಕರಿಸಿ ಕಳುಹಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಲು ನಗರದ ಬಳಸಿದ ನೀರಿಗೆ ಕೈಚಾಚಿದ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರಿನಿಂದ ನೆಲ ಗುಡಿಸುವ ಕಾರ್ಖಾನೆಗಳನ್ನು ಕಟ್ಟಲಾಗದು. ಕಟ್ಟಿದ ಮೇಲೆ ತಿದ್ದುವುದಕ್ಕಿಂತ ನಕ್ಷೆಯಲ್ಲೇ ತಿದ್ದುವುದು ಅಗ್ಗ. ಆಹಾರ ಸಂಸ್ಕರಣೆಗೆ ಸರ್ಕಾರ ಕೊಡುವ ಸಹಾಯಧನದ ಅರ್ಜಿಯಲ್ಲಿ ಒಂದು ಟನ್ ತಿರುಳಿಗೆ ಎಷ್ಟು ನೀರು ಎಂಬ ಅಂಕಣವಿರಲಿ. ಹಣ್ಣಿಗೆ ತಾಗುವ ಕೊನೆಯ ನೀರು ಮಾತ್ರ ಕುಡಿಯಲು ಯೋಗ್ಯವಾದ ಹೊಸ ನೀರಾಗಿರಲಿ, ಡಬ್ಬಿ ತಣಿಸಿದ್ದು ತಣಿದು ಮತ್ತೆ ಅದೇ ಕೆಲಸಕ್ಕೆ ಬರಲಿ. ಮೋರಿಗೆ ಮುನ್ನ ಒಂದು ಜಾಲರಿ, ಅದಕ್ಕೂ ಮುನ್ನ ಆ ಹುಡುಗನ ಕೈಗೆ ಒಂದು ಪೊರಕೆ ಮತ್ತು ಒಂದು ಬಾನಿ.